ಅರಿಷಿಣ ಕೆಂಪಾದ ಗೋಡೆ

ನಮ್ಮ ಊರಿನ ಪದವಿ ಕಾಲೇಜಿನ ವಿಜ್ಞಾನದ ಕೋಣೆ ಕಟ್ಟಿದವನು ನಾನು. ಈ ಮಾತನ್ನು ಬಹಳ ಮಂದಿಗೆ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ರಾಯಬಾಗದಿಂದ ಮುಗಳಖೋಡದ ಕಡೆಗೆ ಬಸ್ಸಿನಲ್ಲಿ ಹೋದರೆ ನಮ್ಮ ಊರು ದಾಟಿದ ಮೇಲೆ ಎಡಕ್ಕೆ ಗರಸು ಮಣ್ಣಿನ ದಿಬ್ಬವೊಂದಿದೆ. ಅದರ ಮೇಲೆ ಕಾಲೇಜು. ಸುತ್ತಲೂ ಕಬ್ಬು. ಕಬ್ಬು ಆಳೆತ್ತರ ದಾಟಿದಾಗ ಬಸ್ಸಿನ ಕಿಡಕಿಯಿಂದ ಮೇಲಿನ ನೀರಿನ ಟಾಕಿ ಮಾತ್ರ ಕಾಣುತ್ತದೆ. ಆ ಟಾಕಿಯೂ ನನ್ನ ಕೈಯದೇ.

ಆರನೇ ಇಯತ್ತೆ ಮುಗಿಯುವ ಮೊದಲೇ ನಾನು ಶಾಲೆ ಬಿಟ್ಟೆ. ಅಪ್ಪನೂ ನನ್ನಂತೆ ಗೋಡೆ ಕಟ್ಟುವ ಗೌಂಡಿ. ಅವನ ಸೊಂಟ ಹಿಡಿದುಕೊಂಡಿತು, ಗಾರೆ ಎಳೆಯುವ ಥಾಪಿ ನನ್ನ ಕೈಗೆ ಬಂತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ, ಅದಕ್ಕಾಗಿ ಯಾರ ಮುಂದೆಯೂ ಮುಖ ಸಣ್ಣದು ಮಾಡಿಕೊಂಡಿಲ್ಲ. ನಿಪ್ಪಾಣಿಯಿಂದ ಅಥಣಿಯವರೆಗೆ ನಾನು ಕಟ್ಟಿದ ಮನೆಗಳಿವೆ, ಒಂದರ ಗೋಡೆಯೂ ಇದುವರೆಗೆ ಬಾಯಿ ಬಿಟ್ಟಿಲ್ಲ. ಸಂಜೆ ಪೇಪರ್ ಓದುತ್ತೇನೆ, ಬರೆಯಲು ಬರುತ್ತದೆ, ನನ್ನ ಸಹಿ ಬಿ.ಎ. ಮಾಡಿದವರ ಸಹಿಗಿಂತ ಚೆಂದ ಇದೆ. ಇಷ್ಟು ನನಗೆ ಸಾಕಾಗಿತ್ತು. ಮಗಳಿಗೆ ಸಾಕಾಗಬಾರದೆಂದು ಮಾತ್ರ ಅಂದುಕೊಂಡಿದ್ದೆ.

ನಮ್ಮ ಕಡೆ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಗೌಂಡಿಗೆ ಆಯೇರಿ ಮಾಡುತ್ತಾರೆ. ಟಾವೆಲ್ಲು, ಟೊಪ್ಪಿಗೆ, ಒಂದು ತೆಂಗಿನಕಾಯಿ. ಸರಕಾರಿ ಕೆಲಸದಲ್ಲಿ ಅದೆಲ್ಲ ಇರುವುದಿಲ್ಲ. ಆದರೆ ಆಗಿನ ಪ್ರಿನ್ಸಿಪಾಲರು ಹಳೆಯ ಕಾಲದವರು, ತಾವೇ ಟಾವೆಲ್ಲು ತಂದು ಎಲ್ಲರ ಎದುರಿಗೆ ನನ್ನ ಹೆಗಲಿಗೆ ಹೊದಿಸಿದರು. ಕಾಲೇಜಿನ ಕಸ ಗುಡಿಸುವ ಅಜ್ಜಿ ಅರಿಷಿಣ ಕಲಸಿ ತಂದು ಚೌಕಟ್ಟಿನ ಎರಡೂ ಬದಿಗೆ ಹಸಿ ಸಿಮೆಂಟಿನ ಮೇಲೆ ಬಳಿದಳು. ಹಳದಿ ಬಳಿದದ್ದು ನೋಡನೋಡುತ್ತ ಕೆಂಪಾಯಿತು. ಹಾಗೆ ಆಗುವುದು ನಮಗೆ ಹೊಸದಲ್ಲ. ಹೊಸ ಸಿಮೆಂಟ್ ಗಿಲಾವಿನ ಮೇಲೆ ಅರಿಷಿಣ ಬಿದ್ದರೆ ಕೆಂಪಾಗುತ್ತದೆ, ಹೆಣ್ಣುಮಕ್ಕಳು ಮನೆ ಒಪ್ಪಿಕೊಂಡಿತು ಎನ್ನುತ್ತಾರೆ, ಗೌಂಡಿ ಟೊಪ್ಪಿಗೆ ಹಾಕಿಕೊಂಡು ಮುಂದಿನ ಕೆಲಸಕ್ಕೆ ನಿಲ್ಲುತ್ತಾನೆ.

ಅಂದು ನನ್ನ ಬುತ್ತಿ ತಂದಿದ್ದ ಮಗಳು ಅಲ್ಲೇ ನಿಂತಿದ್ದಳು. ಐದನೇ ಇಯತ್ತೆ ಇರಬೇಕು.

“ಅಪ್ಪಾ, ಹಳದಿ ಹಚ್ಚಿದ್ರ ಕೆಂಪ ಯಾಕ ಆತು?”

ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಅಪ್ಪ ಮಾಡಿದ್ದಾನೆ, ಯಾರೂ ಇದನ್ನು ಕೇಳಿರಲಿಲ್ಲ. ಅದು ಹಂಗ ಆಗ್ತೈತಿ ಅಂದೆ. ಪಕ್ಕದಲ್ಲಿ ರಸಾಯನಶಾಸ್ತ್ರ ಕಲಿಸುವ ಸರ್ ಇದ್ದರು, ಅಥಣಿ ಕಡೆಯ ತರುಣ. ಅವರು ಮೊಣಕಾಲೂರಿ ಅವಳ ಎತ್ತರಕ್ಕೆ ಬಗ್ಗಿದರು.

“ಇದಕ್ಕ ಉತ್ತರ ನಿಮ್ಮಪ್ಪ ಕಟ್ಟಾಕತ್ತ ಈ ಖೋಲ್ಯಾಗ ಸಿಗತೈತಿ,” ಅಂದರು. “ದೊಡ್ಡಾಕಿ ಆಗಿ ಬಾ. ನಾ ತೋರಿಸ್ತೀನಿ.”

ಅವಳು ಆ ಮಾತು ಮರೆಯಲಿಲ್ಲ. ನಾನೂ ಮರೆಯಲಿಲ್ಲ. ಮುಂದೆ ಆ ಕೋಣೆಯೊಳಗೆ ಕಡಪ ಕಲ್ಲಿನ ಟೇಬಲ್ಲುಗಳನ್ನು ಕೂಡಿಸುವಾಗ ಪ್ರತಿ ಕಲ್ಲಿನ ಮೇಲೂ ಒಂದು ಚೊಂಬು ನೀರು ಸುರಿದು ನೋಡಿದೆ. ನೀರು ಅತ್ತಿತ್ತ ಓಡದೆ ಬಿದ್ದಲ್ಲೇ ಕನ್ನಡಿಯಂತೆ ನಿಂತಿತು. ಸಿಂಕಿನ ಹತ್ತಿರ ಮಾತ್ರ ಕೂದಲೆಳೆಯಷ್ಟು ಇಳಿಜಾರು ಕೊಟ್ಟೆ. ಪ್ರತಿ ಸಿಂಕಿಗೂ ಒಂದು ನಳ. ಇಲ್ಲಿ ನಿಂತು ಓದುವವಳ ಮೊಣಕೈ ಎಲ್ಲಿಗೆ ಬಂದೀತು ಎಂದು ಮನಸ್ಸಿನಲ್ಲೇ ಅಳೆದು ಎತ್ತರ ಹಿಡಿದಿದ್ದೆ.

ಪಿ.ಯು.ಸಿ. ಮುಗಿಸಿದಾಗ ಅವಳಿಗೆ ಚಲೋ ಮಾರ್ಕ್ಸ್ ಬಂದಿದ್ದವು. ನಿಪ್ಪಾಣಿಯಲ್ಲಿರುವ ನನ್ನ ಷಡ್ಡಕ ಕೊಲ್ಹಾಪುರದ ಕಡೆ ಹಾಕು ಎಂದು ಹಟ ಹಿಡಿದ. ಅಲ್ಲಿ ಹಾಸ್ಟೆಲ್ಲು, ಅಲ್ಲಿ ಮರಾಠಿ, ಇವಳಿಗೆ ಮನೆಯಲ್ಲಿ ಆಡುವ ನಾಲ್ಕು ಮರಾಠಿ ಮಾತು ಬಿಟ್ಟರೆ ಓದಿ ಬರೆಯುವುದೆಲ್ಲ ಕನ್ನಡ. ನಾನು ಅವಳನ್ನೇ ಕೇಳಿದೆ. ನಮ್ಮ ಕಾಲೇಜಿನ್ಯಾಗ ಟೇಬಲ್ ಅದಾವಲ್ಲ ಅಪ್ಪಾ, ಸರ್ ಅದಾರ, ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಬಿ.ಎಸ್ಸಿ.ಯ ಇಡೀ ವರ್ಗ ಒಂದೇ ಟಂಟಂ ಗಾಡಿಯಲ್ಲಿ ಕೂಡುವಷ್ಟಿತ್ತು. ನಮ್ಮ ಊರಿನವಳು ಇವಳೊಬ್ಬಳೇ. ಉಳಿದವರು ಸುತ್ತಲಿನ ಹಳ್ಳಿ, ತೋಟದ ಮನೆಗಳಿಂದ ಬರುವವರು. ಮುಂಜಾನೆಯ ಬಸ್ಸು ತುಂಬಿ ಬಾಗಿಲಿಗೆ ಜೋತುಬಿದ್ದ ಹುಡುಗರನ್ನು ಹೊತ್ತು ಬರುತ್ತಿತ್ತು. ಕೈ ಮಾಡಿದರೆ ನಿಲ್ಲುತ್ತಿರಲಿಲ್ಲ. ಹಿಂದೆ ಬಂದ ಟ್ರ್ಯಾಕ್ಟರು, ಹಾಲಿನ ಗಾಡಿ ಏನು ಸಿಕ್ಕರೆ ಅದನ್ನು ಹತ್ತಿ ಹುಡುಗಿಯರು ಬರುತ್ತಿದ್ದರು. ಹಾಲಿನ ಗಾಡಿಯಲ್ಲಿ ಬಂದ ದಿನ ವರ್ಗದಲ್ಲಿ ಅವರಿಗೆ ಡೇರಿ ಸೈನ್ಸ್ ಎಂದು ಹೆಸರಿಟ್ಟು ಹುಡುಗರು ಕಾಡಿಸುತ್ತಿದ್ದರಂತೆ. ಕಬ್ಬಿನ ಹಂಗಾಮು ಶುರುವಾದರೆ ಆ ಕಾಡಿಸುವವರೂ ಇರುತ್ತಿರಲಿಲ್ಲ. ಒಬ್ಬ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯಲು ಹೋದ, ಒಬ್ಬ ಅಣ್ಣನ ಬದಲು ನೀರು ಹಾಯಿಸಲು ನಿಂತ. ಉಳಿದ ಹುಡುಗರು ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಓಡುತ್ತಿದ್ದರು. ಪೊಲೀಸ್ ಭರ್ತಿ, ಮಿಲಿಟರಿ ಭರ್ತಿ ಅವರ ನಿಜವಾದ ಪರೀಕ್ಷೆ. ಕಾಲೇಜೆಂದರೆ ಆ ಭರ್ತಿ ಕರೆಯುವವರೆಗೆ ಕೂಡುವ ಕಟ್ಟೆ.

ಇವಳು ಓದುತ್ತಿದ್ದಳು. ಪುಸ್ತಕವೆಲ್ಲ ಇಂಗ್ಲಿಷ್. ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದುಕೊಂಡು, ಮೊದಲು ಕನ್ನಡ ಓದಿ, ಆಮೇಲೆ ಕೆಳಗಿನದನ್ನು ಬಾಯಿಪಾಠ ಮಾಡುತ್ತಿದ್ದಳು. ಸರ್ ತಮ್ಮ ಮಾತು ಉಳಿಸಿಕೊಂಡರು. ಮೊದಲ ವರ್ಷದಲ್ಲೇ ಒಂದು ದಿನ ವರ್ಗದಲ್ಲಿ ಅದನ್ನು ಹೇಳಿದರು. ಅವಳು ಮನೆಗೆ ಬಂದು ಚೀಲ ಇಳಿಸದೆಯೇ ನನ್ನ ಮುಂದೆ ಕುಳಿತಳು. ಸಿಮೆಂಟಿನಲ್ಲಿ ಸುಣ್ಣದ ಗುಣ ಇದೆ, ಸುಣ್ಣ ತಾಗಿದರೆ ಅರಿಷಿಣ ಕೆಂಪಾಗುತ್ತದೆ, ಅದರ ಮೇಲೆ ಲಿಂಬೆ ಹಿಂಡಿದರೆ ತಿರುಗಿ ಹಳದಿ ಆಗುತ್ತದೆ ಎಂದಳು. ಅಡಿಗೆಮನೆಗೆ ಹೋಗಿ ಮಾಡಿಯೂ ತೋರಿಸಿದಳು. ಕೆಂಪಾದದ್ದು ತಿರುಗಿ ಹಳದಿಯಾದದ್ದನ್ನು ನಾನು ಅಂದೇ ಮೊದಲು ಕಂಡದ್ದು. ಎಷ್ಟೋ ಮಂದಿಗೆ ಮನೆ ಕಟ್ಟಿಕೊಟ್ಟು ಟೊಪ್ಪಿಗೆ ತೊಟ್ಟಿದ್ದೇನೆ, ಅಂದಿನಷ್ಟು ಎದೆ ಎಂದೂ ಉಬ್ಬಿರಲಿಲ್ಲ.

ಆದರೆ ಸರ್ ಅದನ್ನು ಹೇಳಿದ್ದು ಬೋರ್ಡಿನ ಮೇಲೆ. ನಾನು ಕಟ್ಟಿದ ಕೋಣೆಗೆ ಬೀಗ ಇತ್ತು. ಟಾಕಿಯಿಂದ ಒಳಗಿನ ನಳಗಳಿಗೆ ಪೈಪು ಎಳೆದೇ ಇರಲಿಲ್ಲ, ಆ ಕೆಲಸ ಬೇರೆಯವರ ಪಾಲಿಗೆ ಹೋಗಿ ಅಲ್ಲೇ ಬಿದ್ದಿತ್ತು. ಪ್ರಯೋಗ ಮಾಡಿಸಲು ಇರಬೇಕಾದ ಮನುಷ್ಯನ ಜಾಗ ಖಾಲಿ. ಗಾಜಿನ ಸಾಮಾನು ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಮಲಗಿತ್ತು. ಸರ್ ಬೋರ್ಡಿನ ಮೇಲೆ ಉದ್ದನೆಯ ನಳಿಕೆ ಬರೆದು, ಕೆಳಗೆ ತಿರುಗಿಸುವ ತೋಟಿ ಬರೆದು, ಇದು ಬ್ಯುರೆಟ್, ಇಲ್ಲಿಂದ ಹನಿ ಹನಿ ಬೀಳುತ್ತದೆ ಎಂದು ಚುಕ್ಕಿ ಇಡುತ್ತಿದ್ದರಂತೆ.

ಆ ಕೋಣೆ ವರ್ಷಕ್ಕೊಮ್ಮೆ ತೆರೆಯುತ್ತಿತ್ತು, ಖಂಡೇನವಮಿಗೆ. ನಾವು ಥಾಪಿ, ಒಳಂಬ ತೊಳೆದು ಪೂಜೆ ಮಾಡುವಂತೆ ಅಲ್ಲಿಯೂ ಮಾಡುತ್ತಿದ್ದರು. ಹುಡುಗಿಯರು ಸೀರೆ ಉಟ್ಟು ಬಂದು ಗಾಜಿನ ನಳಿಕೆಗಳನ್ನು ನನ್ನ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಬಾಳೆಹಣ್ಣು ಇಟ್ಟು ಕರ್ಪೂರ ಬೆಳಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮರುದಿನ ಒರೆಸಿ ತಿರುಗಿ ಹುಲ್ಲಿಗೆ. ನನ್ನ ಥಾಪಿ ಪೂಜೆಯ ಮರುದಿನ ಗಾರೆಗೆ ಇಳಿಯುತ್ತದೆ. ಈ ಸಾಮಾನು ಯಾವಾಗ ಇಳಿಯುತ್ತದೆ ಎಂದು ಹೆಂಡತಿಯ ಮುಂದೆ ಒಂದೆರಡು ಸಲ ಗೊಣಗಿದೆ. ಗೊಣಗುವ ಬದಲು ಪೈಪ್ ಹಾಕಬಾರದೇ ಎಂದಳು.

ಒಂದು ರವಿವಾರ ಹಾಕಿದೆ. ಪ್ರಿನ್ಸಿಪಾಲರು, ಇವರು ಹೊಸಬರು, ಹ್ಞೂಂ ಅನ್ನಲಿಲ್ಲ ಊಹೂಂ ಅನ್ನಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಇಬ್ಬರೂ ಅದೇ ಕಾಲೇಜಿನಿಂದ ಬಿ.ಎ. ಮುಗಿಸಿದವರು, ಇಬ್ಬರಿಗೂ ಹೆಂಡತಿ ಮಕ್ಕಳಿದ್ದಾರೆ. ಕೆಲಸದಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ದೊಡ್ಡವನು ಗೋಡೆಗೆ ತೂತು ಹಾಕುತ್ತ, ಮೂರು ವರ್ಷ ಈ ಗ್ವಾಡಿ ನೋಡಕೋತ ಕುಂತಿದ್ನಿ, ಈಗ ಒಡ್ಯಾಕ ಚಲೋ ಅನಸಾಕತ್ತೈತಿ ಅಂದ. ಸರ್‌ಗಳ ಬಗ್ಗೆ ಮಾತು ಬಂದಾಗ ಇನ್ನೊಬ್ಬ ಹೇಳಿದ:

“ಅತಿಥಿ ಉಪನ್ಯಾಸಕರು ಅಂದ್ರ ಬೀಗರ ಇದ್ದಂಗ ಮಾಮಾ. ಬಂದಾಗ ಕೈಕಾಲಿಗೆ ನೀರು ಕೊಡಬೇಕು, ಹೊಂಟಾಗ ಯಾಕ್ರಿ ಅನಬಾರದು.”

ನಾನು ಗದರಿಸಿದೆ. ನಗು ಮಾತ್ರ ತಡೆಯಲಾಗಲಿಲ್ಲ.

ಸಂಜೆ ನೀರು ಬಿಟ್ಟೆವು. ಮೊದಲು ಗಾಳಿ ಬಂತು, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ಸ್ವಚ್ಛ ನೀರು. ಮರುದಿನ ಹುಡುಗಿಯರು ಒಂದೊಂದೇ ನಳ ತಿರುಗಿಸಿ ನೋಡಿ ಚಪ್ಪಾಳೆ ತಟ್ಟಿದರೆಂದು ಮಗಳು ಹೇಳಿದಳು. ಸರ್ ಪೆಟ್ಟಿಗೆ ಬಿಚ್ಚಿದರು. ಬರುವ ವಾರ ಶುರು ಮಾಡೋಣ ಅಂದರು.

ಆ ವಾರ ಅತಿಥಿ ಉಪನ್ಯಾಸಕರೆಲ್ಲ ಪಾಠ ಬಿಟ್ಟು ಧರಣಿಗೆ ಕುಳಿತರು. ಬೇಡಿಕೆ ನ್ಯಾಯದ್ದೇ ಇತ್ತು. ವರ್ಷದಲ್ಲಿ ಅರ್ಧ ಕಾಲ ಸಂಬಳವಿಲ್ಲದೆ ಯಾರು ದುಡಿಯುತ್ತಾರೆ? ನಾನಾದರೆ ಎರಡನೇ ವಾರವೇ ಥಾಪಿ ಎತ್ತಿಕೊಂಡು ಹೋಗುತ್ತಿದ್ದೆ. ಧರಣಿ ಮುಗಿದ ಮೇಲೆ ಉಳಿದವರು ಬಂದರು, ನಮ್ಮ ಸರ್ ಬರಲಿಲ್ಲ. ಅಥಣಿಯಲ್ಲಿ ಸ್ವಂತ ಟ್ಯೂಷನ್ ಶುರು ಮಾಡಿದರು. ಹೋಗುವ ಮುಂಚೆ ಒಮ್ಮೆ ಮನೆಗೆ ಬಂದು ಚಹಾ ಕುಡಿದು, ಮಗಳ ತಲೆಯ ಮೇಲೆ ಕೈ ಇಟ್ಟು, ಎಂ.ಎಸ್ಸಿ. ಮಾಡು, ಆಮೇಲೆ ನನ್ನ ಜಾಗಾಕ್ಕ ನೀ ಬಾ ಎಂದು ಹೇಳಿ ಹೋದರು. ಅಂದಿನಿಂದ ಅವಳ ಬಾಯಲ್ಲಿ ಅದೊಂದೇ. ಎಂ.ಎಸ್ಸಿ. ಮಾಡಬೇಕು, ತಿರುಗಿ ಬಂದು ಆ ಟೇಬಲ್ಲಿನ ಮುಂದೆ ನಿಂತು ಕಲಿಸಬೇಕು.

ಬೇಸಿಗೆಯಲ್ಲಿ ನಮ್ಮ ಕಡೆಯ ಸಣ್ಣ ಕಾಲೇಜುಗಳ ಸರ್‌ಗಳು ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಹುಡುಕುತ್ತಾರೆ. ಕನ್ಯೆ ನೋಡಲು ಹೋದಂತೆ ಮನೆ ಮನೆಗೆ ಹೋಗಿ, ನಿಮ್ಮ ಮಗಳನ್ನು ನಮ್ಮಲ್ಲಿಗೆ ಕಳಿಸಿರಿ ಅನ್ನುತ್ತಾರೆ. ಹೊಸಬರು ಸಾಕಷ್ಟು ಬರದಿದ್ದರೆ ವಿಭಾಗ ಮುಚ್ಚುತ್ತದೆ. ಆ ವರ್ಷ ವಿಜ್ಞಾನಕ್ಕೆ ಕೇಳಿಕೊಂಡು ಬಂದವರು ತೀರ ಕಡಿಮೆ. ಮಗಳು ತಾನೇ ಹೊರಟಳು. ನಾನು ಗಾಡಿ ತೆಗೆದೆ.

ಒಂದು ಕುರಿಗಾರರ ಮನೆ ನೆನಪಿದೆ. ಮೊದಲು ಕುರಿ ಕಾಯ್ದುಕೊಂಡು ದೇಶ ತಿರುಗುತ್ತಿದ್ದವರು, ಈಗ ಒಂದಿಷ್ಟು ಹೊಲ ಮಾಡಿಕೊಂಡು ನೆಲೆ ನಿಂತಿದ್ದಾರೆ. ಅವರ ಮಗಳು ಪಿ.ಯು.ಸಿ. ವಿಜ್ಞಾನ ಪಾಸಾಗಿದ್ದಳು, ಬಾಗಿಲ ಹಿಂದೆ ನಿಂತು ಇವಳ ಮಾತನ್ನು ಬಾಯಿ ತೆರೆದು ಕೇಳಿದಳು. ಅವಳ ಅಪ್ಪ ಕಂಬಳಿ ಹಾಸಿ ಕೂಡಿಸಿದ, ಮಜ್ಜಿಗೆ ತರಿಸಿದ, ಎಲ್ಲ ಕೇಳಿಸಿಕೊಂಡ. ಕೊನೆಗೆ ನನ್ನ ಕಡೆ ತಿರುಗಿದ.

“ಗೌಂಡ್ಯಾರ, ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಆ ಕಾಲೇಜಿನ್ಯಾಗ ವಿಜ್ಞಾನ ಕಲತು ಏನರ ಆದಾಂವ ಒಬ್ಬಾಂವ ಅದಾನೇನ್ರಿ?”

ನನಗೆ ಒಬ್ಬನೂ ನೆನಪಿಗೆ ಬರಲಿಲ್ಲ. ಕೋಣೆ ಭಾಳ ಚಲೋ ಐತಿ, ನಾನ ಕಟ್ಟೀನಿ, ಈಗ ನೀರೂ ಬಂದಾವ ಅಂದೆ.

“ನೀವು ಕಟ್ಟಿದ ಗ್ವಾಡಿ ಗಟ್ಟಿ ಇರತಾವ, ಅದು ನಂಗೊತ್ತೈತಿ,” ಅಂದ. “ಗ್ವಾಡಿ ಕಲಸೂದಿಲ್ಲಲ್ರಿ.”

ಅವನು ಕುಹಕದಿಂದ ಅನ್ನಲಿಲ್ಲ. ಮಜ್ಜಿಗೆಯ ಮತ್ತೊಂದು ಲೋಟ ನನ್ನ ಮುಂದಿಟ್ಟೇ ಅಂದ. ಮಗಳು ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ನಾನು ಮಜ್ಜಿಗೆ ಕುಡಿದೆ. ಆ ಹುಡುಗಿಯನ್ನು ಅದೇ ಬೇಸಿಗೆಯಲ್ಲಿ ಅಥಣಿ ಹತ್ತಿರದ ಅನಂತಪುರದ ಕಡೆ ಕೊಟ್ಟರೆಂದು ಆಮೇಲೆ ಕೇಳಿದೆ. ವಿಜ್ಞಾನಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಈಗಿರುವವರು ಮುಗಿಸಿಕೊಂಡು ಹೋಗಲಿ ಎಂದು ಮೇಲಿನಿಂದ ಆದೇಶ ಬಂತಂತೆ.

ಹಾಗೆ ಕೊನೆಯ ವರ್ಷ ಹೆಚ್ಚು ಕಡಿಮೆ ಇವಳು ತಾನೇ ಓದಿಕೊಂಡಳು. ನಿಪ್ಪಾಣಿಯಿಂದ ಮೇಡಂ ಒಬ್ಬರು ವಾರಕ್ಕೆ ಎರಡು ಸಲ ಬಂದು, ಎಲ್ಲ ವಿಷಯ ಅವರ ಮೇಲೆಯೇ ಬಿದ್ದದ್ದರಿಂದ, ನೋಟ್ಸ್ ಕೊಟ್ಟು ಬಸ್ಸಿಗೆ ಓಡುತ್ತಿದ್ದರು. ಸರ್ ಬಿಚ್ಚಿದ್ದ ಪೆಟ್ಟಿಗೆಗಳನ್ನು ಯಾರೋ ತಿರುಗಿ ಕಟ್ಟಿಟ್ಟಿದ್ದರು. ಪ್ರಾಯೋಗಿಕ ಪರೀಕ್ಷೆಯನ್ನು ಚಿಕ್ಕೋಡಿಯ ಒಂದು ದೊಡ್ಡ ಕಾಲೇಜಿಗೆ ಹೋಗಿ ಕೊಡಬೇಕೆಂದು ಗೊತ್ತಾಯಿತು. ಅಲ್ಲಿ ಕೈಯಿಂದ ಮಾಡಿ ತೋರಿಸಬೇಕು. ಹಿಂದಿನ ಪರೀಕ್ಷೆಗಳಲ್ಲಿ ನಮ್ಮಲ್ಲೇ ಬಾಯಿಂದ ಕೇಳಿ, ಬರೆಸಿಕೊಂಡು ಮುಗಿಸಿದ್ದರು. ಇವಳು ಬ್ಯುರೆಟ್ ಹಿಡಿದದ್ದು ಪೂಜೆಯ ದಿನ ಮಾತ್ರ.

ಅವಳು ಅಳುತ್ತ ಕೂಡುವವಳಲ್ಲ, ನನ್ನ ಮಗಳು. ನಮ್ಮ ಎಮ್ಮೆಗೆ ಜಡ್ಡಾದಾಗ ಡಾಕ್ಟರ್ ಹಚ್ಚಿ ಹೋಗಿದ್ದ ಸಲಾಯಿನ್ ಬಾಟಲಿ ಗೋದಲಿಯ ಮೊಳೆಗೆ ಹಾಗೇ ನೇತಾಡುತ್ತಿತ್ತು. ಅದನ್ನು ತೊಳೆದು ತಂದು ಹಿತ್ತಲಿನ ತಗಡಿನ ಪತ್ರಾಸಿನ ಕಂಬಕ್ಕೆ ಕಟ್ಟಿದಳು. ನನ್ನ ಸುಣ್ಣವನ್ನು ನೀರಿಗೆ ಹಾಕಿ, ಧೋತರದ ತುಂಡಿನಲ್ಲಿ ಸೋಸಿ, ತಿಳಿಯನ್ನು ಬಾಟಲಿಗೆ ತುಂಬಿದಳು. ಕೆಳಗೆ ಗಾಜಿನ ಲೋಟ, ಅದರಲ್ಲಿ ಲಿಂಬೆಯ ರಸ, ಚಿಟಿಕೆ ಅರಿಷಿಣ. ನಳಿಕೆಯ ಪ್ಲಾಸ್ಟಿಕ್ ಗಾಲಿ ತಿರುಗಿಸಿ ಹನಿ ಹನಿ ಬಿಡುವುದನ್ನು ಕಲಿತಳು. ಲಿಂಬೆಯ ಹುಳಿ ಮುಗಿದು ಸುಣ್ಣ ಗೆದ್ದಾಗ ಅರಿಷಿಣ ಕೆಂಪಾಗಬೇಕು. ಸಂಜೆ ಕೆಲಸದಿಂದ ಬಂದು ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಮೊದಲು ರಾಡಿ ರಾಡಿ ಬಣ್ಣ, ಇಟ್ಟಂಗಿಯಂಥದ್ದು. ಆಯಿತೇ ಇಲ್ಲವೇ ಹೇಳಲು ಬರುತ್ತಿರಲಿಲ್ಲ. ಇನ್ನೊಂದಿಷ್ಟು ಬಿಟ್ಟ ಮೇಲೆ ಕುಂಕುಮದ ಕೆಂಪು. ಅದಕ್ಕೇ ಅವಳು ಪೂರಾ ಕೆಂಪು ಬರುವವರೆಗೆ ಬಿಡುವುದನ್ನು ರೂಢಿ ಮಾಡಿಕೊಂಡಳು. ಪ್ರತಿ ಸಲ ಹೆಚ್ಚು ಕಡಿಮೆ ಅಷ್ಟೇ ನೀರಿಗೆ ಅದೇ ಕೆಂಪು ಬರುತ್ತಿತ್ತು. ಬಂದಾಗೊಮ್ಮೆ ನನ್ನ ಕಡೆ ತಿರುಗಿ ನಗುತ್ತಿದ್ದಳು.

ಹೆಂಡತಿ ಅಡಿಗೆಮನೆಯಿಂದಲೇ ಅಂದಳು: “ಗಿಡದಾಗಿನ ಲಿಂಬಿಕಾಯಿ ಎಲ್ಲಾ ಪಾಸ್ ಆದುವು. ನಾ ಉಪ್ಪಿನಕಾಯಿ ಯಾತರದ್ದ ಹಾಕಲಿ?”

ಪರೀಕ್ಷೆಯ ದಿನ ನಾನೇ ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಆ ಕಾಲೇಜಿನ ಗಿಲಾವು ನೋಡಿದೆ, ಅಂಥಾದ್ದೇನೂ ಇರಲಿಲ್ಲ. ಒಂದು ಮೂಲೆಯಲ್ಲಿ ಬಿರುಕೂ ಇತ್ತು. ಆದರೆ ಕಿಡಕಿಯಿಂದ ಮದ್ದಿನ ವಾಸನೆ ಬರುತ್ತಿತ್ತು, ಬಿಳಿ ಅಂಗಿ ತೊಟ್ಟ ಹುಡುಗಿಯರು ತಮ್ಮ ಮನೆಯಲ್ಲಿ ಓಡಾಡಿದಂತೆ ಓಡಾಡುತ್ತಿದ್ದರು. ನಾನು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತೆ. ಒಳಗೆ ಏನಾಯಿತೆಂದು ಅವಳು ಹೇಳಿದ್ದು ತಿರುಗಿ ಬರುವಾಗ, ಗಾಡಿಯ ಹಿಂದೆ ಕುಳಿತು, ನನ್ನ ಬೆನ್ನಿಗೆ.

ಅವಳಿಗೆ ಬಂದ ಪ್ರಯೋಗ ಅವಳು ಹಿತ್ತಲಲ್ಲಿ ಮಾಡಿದಂಥದ್ದೇ. ಕೆಳಗೆ ಹುಳಿ, ಮೇಲಿನಿಂದ ಹನಿ. ಅರಿಷಿಣದ ಬದಲು ಬೇರೆ ಔಷಧ. ಹನಿ ಬಿಡುತ್ತ ಬಿಡುತ್ತ ಕೆಳಗಿನ ನೀರಿಗೆ ತೆಳ್ಳಗೆ ಗುಲಾಬಿಯ ಛಾಯೆ ಬಂತು, ಕೂಸಿನ ಉಗುರಿನ ಬಣ್ಣದಷ್ಟು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅದು ಮುಗಿದ ಗುರುತು. ಪುಸ್ತಕದಲ್ಲಿ ಹಾಗೇ ಇತ್ತು, ಅವಳಿಗೆ ಬಾಯಿಪಾಠವೂ ಇತ್ತು. ಆದರೆ ಅವಳ ಕಣ್ಣು ಕಲಿತದ್ದು ಅರಿಷಿಣದಿಂದ. ಇದಿನ್ನೂ ಶುರು, ಕೆಂಪು ಬರಲಿ ಎಂದು ಕಾದಳು. ಬಿಟ್ಟಳು. ಗುಲಾಬಿ ಗಾಢವಾಯಿತು, ಇನ್ನೂ ಗಾಢವಾಯಿತು, ಕುಂಕುಮ ಮಾತ್ರ ಆಗಲಿಲ್ಲ. ಆಗದಿದ್ದಷ್ಟೂ ಬಿಟ್ಟಳು.

ಹೊರಗಿನಿಂದ ಬಂದ ಪರೀಕ್ಷಕರು ಹತ್ತಿರ ಬಂದು ಲೋಟ ನೋಡಿ, ಬಣ್ಣ ಬಂದ ಕೂಡಲೇ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರಂತೆ. ಕೆಂಪ ಆಗಲಿ ಅಂತ ಕಾದೆ ಸರ್ ಅಂದಳಂತೆ. ಎಲ್ಲಿ ರೂಢಿ ಮಾಡಿದ್ದಿ ಅಂದರೆ, ಮನೆಯಲ್ಲಿ, ಅರಿಷಿಣದಿಂದ, ಅಂದಳು. ಪಕ್ಕದ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ಪರೀಕ್ಷಕರು ನಗಲಿಲ್ಲ, ಮುಂದಿನ ಟೇಬಲ್ಲಿಗೆ ಹೋದರು. ತಿರುಗಿ ಮಾಡಲು ಹೊತ್ತು ಉಳಿದಿರಲಿಲ್ಲ.

“ಅವ್ರು ಬೈದಿದ್ರ ಚಲೋ ಇತ್ತ ಅಪ್ಪಾ,” ಅಂದಳು.

ಬೆಳಕೂಡ ಊರಿನ ದಾರಿಯಲ್ಲಿ ಕಬ್ಬಿನ ಗಾಡಿಗಳು ಎದುರು ಬರುತ್ತಿದ್ದವು, ದಾರಿ ನೋಡಿಕೊಂಡು ಬಂದೆ.

ಅವಳು ಪಾಸಾದಳು. ನಮ್ಮ ಕಾಲೇಜಿನ ವಿಜ್ಞಾನಕ್ಕೆ ಮೊದಲನೆಯವಳು ಎಂದು ಶಾಲು ಹೊದಿಸಿದರು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂಡಿಸಿ, ಕಟ್ಟಡ ಕಟ್ಟಿದವರ ಮಗಳು ಎಂದು ಭಾಷಣದಲ್ಲಿ ಹೇಳಿದರು. ಎಂ.ಎಸ್ಸಿ. ಸೀಟು ಮಾತ್ರ ಸಿಗಲಿಲ್ಲ. ಬರೆದದ್ದರಲ್ಲಿ ಬಂದ ಅಂಕಗಳನ್ನು ಪ್ರಾಯೋಗಿಕದ ಅಂಕ ಕೆಳಗೆ ಎಳೆದಿತ್ತು. ಮರುವರ್ಷವೂ ಹಾಕಿದಳು, ಆಗಲೂ ಇಲ್ಲ. ಅಥಣಿಯ ಸರ್‌ಗೆ ಫೋನ್ ಮಾಡಿದಳು. ಅವರು ಬಹಳ ಹೊತ್ತು ಮಾತಾಡಿದರು, ಕೊನೆಗೆ ಬಿ.ಎಡ್. ಮಾಡು ಅಂದರು. ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಒಂದು ಜಾಗ ಇದೆಯೆಂದು ಕೇಳಿ ಇಬ್ಬರೂ ಹೋಗಿದ್ದೆವು. ಅವರು ಮೊದಲು ಕೇಳಿದ್ದೇ ಕೈಯಿಂದ ಎಷ್ಟು ಮಾಡಿದ್ದಿ ಎಂದು. ಈಗ ಮುಗಳಖೋಡದ ಒಂದು ಖಾಸಗಿ ಶಾಲೆಯಲ್ಲಿ ಎಲ್.ಕೆ.ಜಿ. ಮಕ್ಕಳಿಗೆ ಕಲಿಸುತ್ತಾಳೆ. ಎ ಅಂದರೆ ಆ್ಯಪಲ್. ವರ ನೋಡಲು ಬಂದವರು ಹುಡುಗಿ ಏನು ಕಲಿತಾಳ ಎಂದು ಕೇಳಿದರೆ ಹೆಂಡತಿ ಬಿ.ಎಸ್ಸಿ. ಅನ್ನುತ್ತಾಳೆ, ಅವರು ತಲೆಯಾಡಿಸಿ ಚಹಾ ಕುಡಿಯುತ್ತಾರೆ.

ಈ ವರ್ಷ ಕಾಲೇಜಿನಿಂದ ನನಗೆ ಕರೆ ಬಂತು. ವಿಜ್ಞಾನದ ಕೋಣೆ ಸುಮ್ಮನೆ ಬಿದ್ದಿದೆ, ಟೇಬಲ್ಲು ಕಿತ್ತು, ಸಿಂಕು ಮುಚ್ಚಿ, ಗಿಲಾವು ಮಾಡಿಕೊಡಬೇಕು, ಬಿ.ಎ.ದವರಿಗೆ ಕೂಡಲು ಜಾಗ ಸಾಲುತ್ತಿಲ್ಲ ಎಂದರು. ಪೈಪು ಎಲ್ಲೆಲ್ಲಿ ಹೋಗಿದೆ ಎಂದು ನನಗೊಬ್ಬನಿಗೇ ಗೊತ್ತು. ಆಗುವುದಿಲ್ಲ ಅಂದೆ. ಆಯೇರಿ ತೆಗೆದುಕೊಂಡ ಚೌಕಟ್ಟಿನೊಳಗೆ ಸುತ್ತಿಗೆ ಹಿಡಿದು ಹೋಗಬಾರದು, ಇದು ನಮ್ಮ ಮನೆಯ ನೇಮ, ಅಪ್ಪ ಕೊನೆಯವರೆಗೆ ಮುರಿದಿರಲಿಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ಮಗಳು ಶಾಲೆಯ ಮಕ್ಕಳಿಗಾಗಿ ರಟ್ಟು ಕತ್ತರಿಸುತ್ತ ಕುಳಿತಿದ್ದಳು.

“ನೀವ ಹೋಗ್ರಿ ಅಪ್ಪಾ,” ಅಂದಳು. “ಬ್ಯಾರೇದವ್ರು ಒಡದ ಹಾಕ್ತಾರ.”

ಹೋದೆ. ಟೇಬಲ್ಲುಗಳು ಸುಲಭಕ್ಕೆ ಬಿಡಲಿಲ್ಲ. ಬಿಡುವಂತೆ ನಾನು ಕೂಡಿಸಿರಲಿಲ್ಲ. ಜೊತೆಗಿದ್ದ ಬಿ.ಎ.ದವನು ಒಂದು ಏಟು ಹಾಕಲು ಹೋದರೆ ಬೇಡವೆಂದೆ. ಉಳಿಯಿಂದ ಸುತ್ತಲೂ ಕೆತ್ತಿ ಕೆತ್ತಿ ಒಂದೊಂದೇ ಕಲ್ಲನ್ನು ಇಡಿಯಾಗಿ ಎತ್ತಿದೆವು. ಒಂದೂ ಒಡೆಯಲಿಲ್ಲ. ಕಾಲೇಜಿನ ಹಿಂದೆ ಕಬ್ಬಿನ ಬದುವಿಗೆ ಅವನ್ನು ಅಡ್ಡ ಇಟ್ಟೆವು. ಮಧ್ಯಾಹ್ನದೊಳಗೆ ಹುಡುಗರು ಅವುಗಳ ಮೇಲೆ ಕುಳಿತು ಮೊಬೈಲ್ ತಿಕ್ಕುತ್ತಿದ್ದರು. ಕೂಡಲು ಚಲೋ ಜಾಗ ಆಯಿತು, ತಂಪು ಕಲ್ಲು.

ಗೋಡೆಗೆ ಗಿಲಾವು ಎಳೆದು ಮುಗಿಸಿದ ದಿನ ಸಿಪಾಯಿ ಒಂದು ಕಾಯಿ, ಒಂದಿಷ್ಟು ಅರಿಷಿಣ ಕಲಸಿಕೊಂಡು ಬಂದ. ಹೊಸ ಖೋಲಿ ಆತಲ್ಲ ಅಂದ. ಹುಡುಗ ಹುಡುಗಿಯರು ಬಾಗಿಲಲ್ಲಿ ಬಂದು ನಿಂತರು. ಅವನು ಬೆರಳದ್ದಿ ಹಸಿ ಗೋಡೆಗೆ ಬಳಿದ. ಬಳಿದದ್ದು ಕೆಂಪಾಯಿತು.

“ಚಲೋ ಆತ ನೋಡ್ರಿ,” ಅಂದ ಸಿಪಾಯಿ. “ಖೋಲಿ ಒಪ್ಪಿಕೊಂಡ್ತು.”

ಇಬ್ಬರು ಹುಡುಗಿಯರು ಫೋಟೊ ತೆಗೆದರು. ನಾನು ಥಾಪಿ ಹಿಡಿದು ಗೋಡೆಯ ಪಕ್ಕದಲ್ಲೇ ನಿಂತಿದ್ದೆ, ಯಾರಾದರೂ ಕೇಳಬಹುದೆಂದು. ಕೇಳಿದ್ದರೆ ಹೇಳುತ್ತಿದ್ದೆ, ನನಗೆ ಈಗ ಗೊತ್ತಿದೆ. ಗಂಟೆ ಹೊಡೆಯಿತು. ಬಸ್ಸಿನ ಹೊತ್ತು. ಎಲ್ಲರೂ ಗೇಟಿನ ಕಡೆ ಓಡಿದರು.

ಸಂಜೆ ಮಗಳು ಮುಗಳಖೋಡದಿಂದ ಬಂದು ಕ್ರೇಯಾನಿನ ಬಣ್ಣ ಹತ್ತಿದ ಕೈ ತೊಳೆದುಕೊಂಡಳು. ಮುಗಿತೇನ್ರಿ ಎಂದು ಕೇಳಿದಳು. ಮುಗಿತು ಅಂದೆ. ಸಿಪಾಯಿ ಪೂಜೆ ಮಾಡಿದ್ದನ್ನೂ ಹೇಳಿದೆ.

“ಕೆಂಪ ಆತು?”

“ಹಚ್ಚಿದ ಕೂಡ್ಲೆ.”

ಅವಳು ತಲೆಯಾಡಿಸಿದಳು. ಟಾವೆಲ್ಲಿಗೆ ಕೈ ಒರೆಸಿಕೊಂಡು ನಾಳೆಯ ರಟ್ಟಿನ ಆ್ಯಪಲ್ ಕತ್ತರಿಸಲು ಕುಳಿತಳು.